ಬಾಣಂತಿ ಕೋಣೆಯ ಕಿಟಕಿ

೧೪ ಡಿಸೆಂಬರ್ ೧೯೯೮, ಸೋಮವಾರ, ಹೊರಕೆರೆದೇವಪುರ

ಬಾಣಂತನಕ್ಕೆ ಬಂದಿರುವ ಅನುಸೂಯಕ್ಕ ಇವತ್ತೂ ಕಿರುಚಿದಳು. ತೀರಿಹೋದ ಅಜ್ಜಿ ಮಂಚದ ಕಾಲ್ದೆಸೆಯಲ್ಲಿ ನಿಂತು ಕೂಸು ಕೊಡು ಅನ್ನುತ್ತಾಳಂತೆ. ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿ, ಮಂಚದ ಕೆಳಗಿನ ಕೆಂಡಕ್ಕೆ ಇನ್ನಷ್ಟು ಇದ್ದಿಲು ಹಾಕಿದಳು.

ಕಾವಲಿಗೆ ನಾನು ಒಳಗೆ ಕುಳಿತೆ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು, ಎದೆ ಭಾರವಾಯಿತು. ಸುಳ್ಳು ಬರೆಯುವುದಿಲ್ಲ, ಮೂಲೆಯಲ್ಲಿ ಯಾರೋ ನಿಂತದ್ದನ್ನು ನಾನೂ ಕಂಡೆ. ಅಂಗಳಕ್ಕೆ ಓಡಿ ವಾಂತಿ ಮಾಡಿದೆ. ಗಾಳಿ ತಾಗಿದ ಮೇಲೆ ತಲೆ ತಿಳಿಯಾಯಿತು. ಅಜ್ಜಿ ಬರುವುದು ಕೆಂಡ ಇಟ್ಟು ಬಾಗಿಲು ಹಾಕಿದಾಗ ಮಾತ್ರ ಎಂಬುದು ಆಗ ಹೊಳೆಯಿತು.

"ಅವ್ವಾ, ದೆವ್ವ ಅಲ್ಲ ಅದು. ಕೆಂಡದ ಗಾಳಿ ಅಕ್ಕನ ತಲೆಗೇರೈತೆ. ಕಿಟಕಿ ತೆಗೀತೀನಿ."

"ಇಸ್ಕೂಲ್ ಬಿಟ್ಟೋನು ನಂಗೆ ಪಾಠ ಹೇಳ್ತೀಯೇನಲೇ? ಬಾಣಂತಿಗೆ ಥಂಡಿ ಹಿಡಿದ್ರೆ? ಅದು ಒಳಗೇ ಬಂದ್ಬಿಟ್ರೆ?"

ಅವ್ವ ಮಲಗಿದ ಮೇಲೆ ಕಿಟಕಿ ತೆರೆದೆ, ಕೆಂಡ ಹೊರಗಿಟ್ಟೆ. ಅಕ್ಕ ನಿದ್ದೆಹೋಗಿದ್ದಾಳೆ. ಬರೆಯುತ್ತಲೇ ಮತ್ತೆ ಮತ್ತೆ ಕೂಸಿನ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೇನೆ. ಉಸಿರು ಬೆಚ್ಚಗಿದೆ. ನನ್ನ ತಲೆ ನೋಯುತ್ತಿಲ್ಲ, ಮೂಲೆಯೂ ಖಾಲಿ. ಆದರೂ ತೆರೆದ ಕಿಟಕಿಗೆ ಬೆನ್ನು ಹಾಕಿ ಕೂರಲು ಧೈರ್ಯವಿಲ್ಲ. ನಾನು ತಿಳಿದದ್ದು ತಪ್ಪಾಗಿದ್ದರೆ, ಅಜ್ಜಿಗೆ ದಾರಿ ಬಿಟ್ಟವನು ನಾನೇ.