ಗ್ಯಾಲರಿಯಲ್ಲಿ ಕಂಡ ಮುಖ

ನ್ಯೂಯಾರ್ಕ್
ಗುರುವಾರ, ಏಪ್ರಿಲ್ 9, 1868

ಪ್ರೀತಿಯ ಹುಲ್ಡಾ ಅಕ್ಕ,

ನಿನ್ನ ಮಣಿಕಟ್ಟು ಈಗ ಹೇಗಿದೆ? ಮೂಳೆ ನೆಟ್ಟಗೆ ಕೂಡಿಕೊಂಡಿತೆ? ವಾಷಿಂಗ್ಟನ್ನಿನ ಆ ಹೊಲಿಗೆ ಅಂಗಡಿಯಲ್ಲಿ ಸೂಜಿ ಹಿಡಿಯಲು ಆಗುತ್ತಿದೆಯೆ? ಅಮ್ಮನ ಕೆಮ್ಮು ಹಾಗೇ ಇದೆ. ಮಲಗಿದಲ್ಲಿಂದಲೇ ನಿನ್ನನ್ನು ವಿಚಾರಿಸುತ್ತಾಳೆ, ನಿನ್ನ ಗಂಡ ಎಜ್ರಾ ಮನೆಯಲ್ಲಿ ಇಲ್ಲದಾಗ ಮಾತ್ರ. ನೀನು ಹೋದಂದಿನಿಂದ ಬೀದಿಬಾಗಿಲಿನ ಬೀಗದ ಕೈ ಅವನ ಜೇಬಿನಲ್ಲೇ. ನಾನು ಕೆಲಸಕ್ಕೆ ಹೊರಟಾಗ ತೆಗೆಯುತ್ತಾನೆ, ಬಂದ ಮೇಲೆ ಹಾಕುತ್ತಾನೆ. ಹಾಸಿಗೆ ಹಿಡಿದ ಅಮ್ಮನನ್ನು ಕಟ್ಟಿಕೊಂಡು ನಾನೆಲ್ಲಿಗೆ ಹೋಗಲಿ, ಹೇಳು.

ನಮ್ಮ ವಾರಪತ್ರಿಕೆಯಲ್ಲಿ ಈಗ ನಿಮ್ಮ ವಾಷಿಂಗ್ಟನ್ನಿನಲ್ಲಿ ನಡೆಯುತ್ತಿರುವ ದೇಶದ ಅಧ್ಯಕ್ಷರ ವಿಚಾರಣೆಯದೇ ಚಿತ್ರಗಳು. ಅಲ್ಲಿಂದ ಬಂದ ಚಿತ್ರವನ್ನು ಮರದ ಅಚ್ಚಿನ ಮೇಲೆ ಬರೆದು, ಅಚ್ಚನ್ನು ತುಂಡು ಬಿಡಿಸಿ ಕೆತ್ತುವವರಿಗೆಲ್ಲ ಹಂಚುತ್ತಾರೆ. ಕಳೆದ ವಾರ ನನ್ನ ಪಾಲಿಗೆ ವಿಚಾರಣೆ ನೋಡಲು ಬಂದ ಹೆಂಗಸರು ಕೂರುವ ಗ್ಯಾಲರಿ ಬಂತು. ನೋಡಿದರೆ ಅಷ್ಟು ಟೋಪಿಗಳ ನಡುವೆ ನೀನು! ಕಂಬಿಯ ಮೇಲೆ ಮೊಣಕೈ ಊರಿ, ಚಿಕ್ಕಂದಿನ ಹಾಗೆಯೇ ಬಾಯಿ ಅರೆ ತೆರೆದು ಕೇಳುತ್ತ ಕೂತಿದ್ದೀಯ. ಒಳಗೆ ಹೋಗಲು ನಿನಗೆ ಟಿಕೆಟ್ಟು ಕೊಟ್ಟವರಾದರೂ ಯಾರೇ ಮಾರಾಯ್ತಿ? ನೀನು ಓಹಾಯೋದಲ್ಲಿದ್ದೀಯ ಎಂದೇ ಎಜ್ರಾ ನಂಬಿದ್ದ. ಉಳಿ ಹಿಡಿದ ಕೈ ಮುಂದೆ ಹೋಗಲಿಲ್ಲ. ನಮ್ಮ ಮೇಸ್ತ್ರಿ ಡೆನ್ನಿಸ್ಟನ್ ಹಿಂದೆ ಬಂದು ನಿಂತರು. “ಬರೆದಿದ್ದನ್ನ ಕೆತ್ತು, ಲೊವಿನಾ. ನಿನ್ನ ಕಡೆಯಿಂದ ಏನೂ ಸೇರಿಸ್ಬೇಡ” ಎಂದರು. ನಾನು ಸೇರಿಸಲಿಲ್ಲ. ನಿನ್ನ ಮುಖವಿದ್ದ ಜಾಗವನ್ನು ಕೆತ್ತದೆ ಬಿಟ್ಟೆ, ಅಷ್ಟೇ. ಕೆತ್ತದ ಮರಕ್ಕೆಲ್ಲ ಮಸಿ ಹತ್ತಿ, ಅಚ್ಚಾದಾಗ ಅದು ಕಪ್ಪು ಮುಸುಕಾಯಿತು. ಇನ್ನು ಮುಂದೆ ಜಾಹೀರಾತಿನ ಬೂಟುಗಳನ್ನೇ ಕೆತ್ತಿಕೊಂಡಿರು ಎಂದು ಬೈದು ನನ್ನನ್ನು ಕೆಳಗಿನ ಮಹಡಿಗೆ ಕಳಿಸಿದರು. ಕೆತ್ತುತ್ತೇನೆ, ಅದಕ್ಕೇನಂತೆ.

ನಿನ್ನೆ ಊಟಕ್ಕೆ ಕೂತಾಗ ಎಜ್ರಾ ಆ ಪುಟವನ್ನು ಹರಡಿಕೊಂಡು ಬೆರಳಾಡಿಸಿದ. “ದೇಶದ ಅಧ್ಯಕ್ಷನ್ನೇ ವಿಚಾರಣೆಗೆ ಎಳೆದವ್ರೆ. ಕಟ್ಟಿಕೊಂಡ ಹೆಂಡ್ತೀನ ಎಳ್ಕೊಂಡು ಬರೋದು ನಂಗೆ ಯಾವ ಲೆಕ್ಕ?” ಎಂದ. ಬೆರಳು ಮುಸುಕಿನ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ. ನಾನು ಅವನ ತಟ್ಟೆಗೆ ಇನ್ನೊಂದಿಷ್ಟು ಆಲೂಗಡ್ಡೆ ಬಡಿಸಿದೆ.

ಹೊಟ್ಟೆ ತುಂಬ ಊಟ ಮಾಡು. ಅಮ್ಮ ನಿನ್ನ ತಲೆ ನೇವರಿಸಿದಳೆಂದು ತಿಳಿ.

ನಿನ್ನ ತಂಗಿ,
ಲೊವಿನಾ

ಪತ್ರ ಮುಗಿಸಿದ ಮೇಲೆ, ಈಗಷ್ಟೇ ಆದದ್ದು: ಎಜ್ರಾ ಇನ್ನೊಂದು ಪತ್ರಿಕೆ ತಂದಿದ್ದಾನೆ. ಅವರ ಚಿತ್ರಕಾರನೂ ಅಂದು ಅಲ್ಲಿದ್ದನಂತೆ. ಅದರಲ್ಲಿ ನಿನ್ನ ಮುಖ ಚೆನ್ನಾಗಿ ಮೂಡಿದೆ. ಅಮ್ಮನ ಕಣ್ಣಿಗೆ ಹಿಡಿದು “ಇದ್ಯಾರು, ಹೇಳಿ” ಎಂದ. ಅಮ್ಮ ಗೋಡೆ ಕಡೆ ತಿರುಗಿಕೊಂಡಳು. ಶನಿವಾರದ ರೈಲಿಗೆ ಹೊರಡುತ್ತಾನೆ. ನಾಳೆ ಬೆಳಿಗ್ಗೆಯೇ ಇದನ್ನು ಅಂಚೆಗೆ ಹಾಕುತ್ತೇನೆ, ಅವನಿಗಿಂತ ಮೊದಲು ತಲುಪುತ್ತದೆ. ಕೂಡಲೇ ಆ ಊರು ಬಿಡು. ನಿನ್ನನ್ನು ಹುಡುಕಲು ನನ್ನನ್ನೂ ಕರೆದೊಯ್ಯುತ್ತಿದ್ದಾನೆ. ಒಲ್ಲೆನೆಂದರೆ ಅಮ್ಮನನ್ನು ಬೀದಿಗೆ ಹಾಕುತ್ತಾನಂತೆ. ಒಂದು ವೇಳೆ ಸ್ಟೇಷನ್ನಿನಲ್ಲಿ ನಾನು ಕಣ್ಣಿಗೆ ಬಿದ್ದರೆ ಹತ್ತಿರ ಬರಬೇಡ, ಅಕ್ಕ. ನಾನು ನಿನ್ನನ್ನು ನೋಡುವುದಿಲ್ಲ.