ಕ್ಯಾಬಿನ್ ಅಡಿಯ ನೀರು

ಆಗಸ್ಟ್ 24

ಮತ್ತೆ ಅದೇ. ಕಾಲಿಟ್ಟರೆ ನೆಲ ಮೆತ್ತಗೆ, ನೀರಲ್ಲಿ ನೆನೆದ ಬ್ರೆಡ್ಡಿನ ಹಾಗೆ. ಮಂಚದಡಿ ಬೂಷ್ಟು. ಈ ಗಲ್ಫ್ ಊರಿನ ಥುಮಾಮಾದಲ್ಲಿ, ಒಂದು ವಿಲ್ಲಾದ ಹಿತ್ತಲಲ್ಲಿ, ಬ್ಲಾಕ್ ಮೇಲೆ ನಿಲ್ಲಿಸಿದ ಡಬ್ಬಾ ಕ್ಯಾಬಿನ್. ಇದರಲ್ಲಿ ಕೊಳೆಯುತ್ತಿದ್ದೇವೆ — ಕ್ಯಾರೊಲಕ್ಕ, ಅವಳ ಮಗಳು ಜೋಆನ್, ಮಮ್ಮಿ, ನಾನು. ಭಾವ ದೂರದ ಮೆಸಯೀದ್‌ನಲ್ಲಿ, ಕಂಪನಿ ರೂಮು. ಅವನು ಬಚಾವ್.

ಕ್ಯಾಬಿನ್ ಅಡಿ ಒಂದು ಮೊಳ ಜಾಗ. ಅಲ್ಲೇ ನೀರು. ಎಲ್ಲಿಂದ? ಈ ಊರಲ್ಲಿ ಮಳೆಯೇ ಇಲ್ಲ!

ಜೋಆನ್ ಮಲಗಲಿಲ್ಲ. ಕೆಮ್ಮಿ ಕೆಮ್ಮಿ ತುಟಿ ನೀಲಿ. ಮೂರು ವರ್ಷದ ಮಗು. ಡಾಕ್ಟರ್ ಹೇಳಿದ್ದು ಒಂದೇ — ಈ ತೇವದಲ್ಲಿ ಇಡಬೇಡಿ.

ಆಗಸ್ಟ್ 26

ವಿಲ್ಲಾ ನೋಡಿಕೊಳ್ಳುವವನಿಗೆ ಮತ್ತೆ ಫೋನ್. "ಬುಕ್ರಾ, ಬುಕ್ರಾ." ನಾಳೆ ಅಂತೆ. ಇವನ ನಾಳೆಗೆ ಬೆಂಕಿ ಹಾಕ.

ಅಕ್ಕ ಟಿಕೆಟ್ ಮಾಡಿಯೇ ಬಿಟ್ಟಳು. ಮೊಂತಿ ಫೆಸ್ತ್, ನಮ್ಮ ತೆನೆ ಹಬ್ಬ, ಅದರ ಮರುದಿನ, ಸೆಪ್ಟೆಂಬರ್ 9. ಅಷ್ಟರಲ್ಲಿ ನೆಲ ಸರಿಯಾಗದಿದ್ದರೆ ಜೋಆನ್ ಮಮ್ಮಿಯ ಜೊತೆ ಮಂಗಳೂರಿಗೆ. ಅಕ್ಕ ಇಲ್ಲೇ. ತಾಯಿ ಒಂದು ಕಡೆ, ಮಗು ಒಂದು ಕಡೆ.

"ನೀನು ಒಬ್ಬ ಕಂಟ್ರಾಕ್ಟರನ್ನು ಹಿಡಿ ಲ್ಯಾನ್ಸಿ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಅಷ್ಟಾದ್ರೂ ಬರ್ತದಲ್ಲ?" — ಅಕ್ಕ.

ಚುಚ್ಚಿತು. ಹಿಡಿಯುತ್ತೇನೆ.

ಆಗಸ್ಟ್ 29

ಜೇಕಬ್ ಅಂತ ಒಬ್ಬ ಬಂದ. ನಮ್ಮೂರ ಕಂಕನಾಡಿಯವನಂತೆ. ಕೂಲಿಂಗ್ ಗ್ಲಾಸ್ ತೆಗೆಯಲಿಲ್ಲ, ಬಗ್ಗಿ ನೋಡಲೂ ಇಲ್ಲ. "ಹೊರಗಿನ ತೇವ ಬ್ರೋ. ಸುತ್ತ ಸೀಲ್ ಮಾಡಿದ್ರೆ ಖಲಾಸ್." ಕ್ಯಾಬಿನ್ ಅಡಿಯ ಸಂದಿಗೆಲ್ಲ ಫೋಮ್ ತುಂಬಿಸಿದ. ಬಿಳಿ ಪೇಂಟ್ ಬಳಿದ. ಹೋದ.

ಸೆಪ್ಟೆಂಬರ್ 3

ಜಾಸ್ತಿಯಾಗಿದೆ. ಮಮ್ಮಿ ಜಪ ಮಾಡುವ ದೇವರ ಅಲ್ತಾರಿನ ಹತ್ತಿರ ನನ್ನ ಹಿಮ್ಮಡಿ ನೆಲದೊಳಗೇ ಇಳಿಯಿತು. ಬೇವರ್ಸಿ ಜೇಕಬ್ ಫೋನ್ ಎತ್ತುತ್ತಿಲ್ಲ. ಗೋಡೆಗೆ ಗುದ್ದಿದೆ. ಅದೂ ಮೆತ್ತಗೆ.

ಜೋಆನ್ ಆಸ್ಪತ್ರೆಯಲ್ಲಿ. ಮಾಸ್ಕು ಮುಖಕ್ಕಿಂತ ದೊಡ್ಡದು. ಅದರೊಳಗಿಂದಲೇ, "ಲ್ಯಾನ್ಸಿ ಮಾಮ, ಮನೆಗೆ."

ಯಾವ ಮನೆಗೆ...

ಸೆಪ್ಟೆಂಬರ್ 5

ಶರೀಫಾ ಬಂದರು. ಉಳ್ಳಾಲದವರು, ಗಂಡನ ಜೊತೆ ಮೇಂಟೆನೆನ್ಸ್ ಕಂಪನಿ ನಡೆಸುತ್ತಾರೆ. ಬಂದವರೇ ಬೈದರು. "ಯಾವ ಪೆದ್ದ ಇದಕ್ಕೆ ಫೋಮ್ ಹಾಕಿದ್ದು? ಆರ್ಲಿಕ್ಕೆ ಗಾಳಿ ಬೇಡ್ವಾ?" ಕಿತ್ತು ಬಿಸಾಡಿದರು. ಮೊಬೈಲ್ ಲೈಟ್ ಹಿಡಿದು ಅಡಿಯಲ್ಲಿ ಇಣುಕಿದರು.

"ಹಲಗೆಯ ಜಾಯಿಂಟಿಂದ ತೊಟ್ಟಿಕ್ತಾ ಉಂಟು ಮಾರಾಯ. ಇದು ಮೇಲಿನ ನೀರು. ನೆಲ ಹೇಗೆ ಕ್ಲೀನ್ ಮಾಡುವುದು ನೀವು?"

ಮಮ್ಮಿ ಮುಂದೆ ಬಂದಳು. "ನಾನು ತೊಳೆಯುವುದು. ಊರಲ್ಲಿ ಸಿಮೆಂಟ್ ನೆಲಕ್ಕೆ ಹಾಕ್ತೇವಲ್ಲ, ಹಾಗೆಯೇ. ದಿನಾ ಎರಡು ಬಾಲ್ದಿ ನೀರು, ಡೆಟ್ಟಾಲ್ ಹಾಕಿ. ಮಗುವಿಗೆ ಕೆಮ್ಮಲ್ವಾ? ಕೆಮ್ಮು ಜೋರಾದ ದಿನ ನಾಲ್ಕು."

ತೊಳೆಯುವುದು ನಾನೂ ಅಕ್ಕನೂ ಡ್ಯೂಟಿಗೆ ಹೋದ ಮೇಲೆ. ನಾವು ಬರುವಷ್ಟರಲ್ಲಿ ಮೇಲೆ ಎಲ್ಲ ಒಣ.

ಶರೀಫಾ ನನ್ನ ಮುಖ ನೋಡಿದರು. ಹೊರಗೆ ಬಂದು ಮೆಲ್ಲಗೆ, "ಹಲಗೆ ನಾನು ಹೊಸತು ಹಾಕ್ತೇನೆ. ಬಾಲ್ದಿ ನಿಲ್ಸುವುದು ನಿನ್ನ ಕೆಲಸ."

ಸೆಪ್ಟೆಂಬರ್ 7

ಹೊಸ ನೆಲ. ಗಟ್ಟಿ. ಹಾರಿ ನೋಡಿದೆ.

"ನೀರು ಎಲ್ಲಿಂದ ಅಂತೆ?" — ಅಕ್ಕ.

"ಪೈಪ್" ಅಂದೆ.

ಟಿಕೆಟ್ ಕ್ಯಾನ್ಸಲ್. ಮಮ್ಮಿ ಮೊಣಕಾಲೂರಿ ಅತ್ತಳು. ಅವಳ ಜಪಕ್ಕೆ ದೇವರು ಕಿವಿಗೊಟ್ಟನಂತೆ. ಆ ನೀರು ಅವಳ ಬಾಲ್ದಿಯದೇ ಅಂತ ಹೇಗೆ ಹೇಳಲಿ ಅವಳಿಗೆ? ಅಕ್ಕ ಬೈದು ಸುಮ್ಮನಾಗಬಹುದು. ಮಮ್ಮಿ ತನ್ನನ್ನು ತಾನು ಕ್ಷಮಿಸುವವಳಲ್ಲ.

ಸೆಪ್ಟೆಂಬರ್ 8, ಬೆಳಿಗ್ಗೆ

ಮೊಂತಿ ಫೆಸ್ತ್. ಜೋಆನ್ ಡಿಸ್ಚಾರ್ಜ್. ಅಕ್ಕ ಕರೆತರಲು ಹೋಗಿದ್ದಾಳೆ.

ಬಾತ್‌ರೂಮಿನಲ್ಲಿ ಬಾಲ್ದಿ ತುಂಬುವ ಸದ್ದು. ಡೆಟ್ಟಾಲ್ ವಾಸನೆ.

"ಕಾಲು ಎತ್ತು ಪುತಾ. ಮಗು ಬರುವ ಮುಂಚೆ ಒಮ್ಮೆ ಚೆಂದ ತೊಳೀತೇನೆ."

"ಬೇಡ ಮಮ್ಮಿ."

"ಯಾಕೆ?"

ಬಾಲ್ದಿ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಕಾಯುತ್ತಿದ್ದಾಳೆ. ಊರಿಗೆಲ್ಲ ಬೈಯುವವನು ನಾನು. ಇವಳಿಗೆ ಹೇಳುವುದನ್ನು ಮೊದಲು ಈ ಡೈರಿಯಲ್ಲಿ ಬರೆದು ನೋಡುತ್ತೇನೆ. ಮಮ್ಮಿ, ಜೋಆನ್ ಕೆಮ್ಮಿದ್ದು—