ವಾರಿಜಾಕ್ಷಿಗೆ ಹೇಳದೆ ಉಳಿದದ್ದು

ನವೆಂಬರ್ 3, ಸೋಮವಾರ

ಪಕ್ಕದ ಮನೆಯ ವಾರಿಜಾಕ್ಷಿಗೆ ಸುಳ್ಳು ಹೇಳಿದೆ. ಒಟ್ಟಿಗೆ ಬೀಡಿ ಕಟ್ಟುತ್ತಿದ್ದಾಗ ಕೇಳಿದಳು: "ಬಾಯಮ್ಮಾ, ನಿನ್ನೆ ಯಜಮಾನ್ರ ಗೋರಿಗೆ ಮೇಣದಬತ್ತಿ ಇಟ್ಟು ಬಂದ್ರಲ್ಲ, ಮತ್ತೆ ನಿದ್ದೆ ಹೇಗೆ ಬಂತು? ನಮ್ಮವರು ಹೋಗಿ ತಿಂಗಳಾಯ್ತು, ನನಗೆ ಕಣ್ಣು ಮುಚ್ಚಲಿಕ್ಕೇ ಆಗುದಿಲ್ಲ."

"ಅಭ್ಯಾಸ ಆಗ್ತದೆ" ಎಂದೆ.

"ಅಭ್ಯಾಸ ಆಗ್ಲಿಕ್ಕೆ ಅದೇನು ಬೀಡಿಯಾ ಮಾರಾಯ್ರೆ?" ಎಂದು ಎಲೆಗೆ ಕತ್ತರಿ ಹಾಕಿದಳು.

ಜಪದ ಮಾತೆತ್ತಿದರೆ, ಗಂಡ ಸತ್ತವಳನ್ನು ತನ್ನ ಮತಕ್ಕೆ ಎಳೆಯುತ್ತಾಳೆ ಎಂದು ಊರಿನವರು ಹೇಳಿಯಾರೆಂದು ಹೆದರಿದೆ. ಅವಳು ಕೇಳಿದ್ದು ನಿದ್ದೆಯ ವಿಷಯ. ನಮ್ಮ ಯಜಮಾನರು ಹೋಗಿ ಮೂರು ವರ್ಷವಾದರೂ ನನಗೆ ಅಭ್ಯಾಸವಾಗಿಲ್ಲ. ಜಪಸರ ಹಿಡಿದು ಅವರನ್ನು ಯೇಸುವಿನ ಕೈಗೆ ಒಪ್ಪಿಸಿದ ಮೇಲೆಯೇ ನಿದ್ದೆ ಹತ್ತುವುದು. ಅದನ್ನು ಬಚ್ಚಿಟ್ಟುಕೊಂಡೆ.

ಇವತ್ತಿನ ಜಪವೂ ಮುಗಿಯಿತು. ಬೇಲಿಯಾಚೆ ಅವಳ ದೀಪ ಇನ್ನೂ ಉರಿಯುತ್ತಿದೆ. ನಾನೊಬ್ಬಳೇ ಹೇಗೆ ಮಲಗಲಿ?